ಹೊಸಿಲು ದಾಟದ ಮುಡಿಪು

ತಮ್ಮಾ ಕದಿರಪ್ಪ,

ನೀನು ಹೋದ ಮೇಲೆ ನಿನ್ನ ಮಗಳು ಲಿಖಿತ ನನ್ನ ಹತ್ತಿರವೇ ಇದ್ದಾಳೆ. ಮೊನ್ನೆ ದೇವರ ದೀಪ ಹಚ್ಚಿ ತಿರುಗಿದರೆ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ, ನೀನೇ ಕೂತಿದ್ದೆ. "ಅತ್ತೇ, ಬೆನ್ನಿಗೂ ಇಡ್ಕೊಂತೈತೆ" ಅಂದಾಗಲೇ ಅವಳು ಅಂತ ತಿಳಿದದ್ದು.

ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಬಂಗಾರು ತಿರುಪತಿ ಸ್ವಾಮಿಗೆ ಮುಡಿಪು ಇಟ್ಟು, ಬಂಗಾರಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ನಿನಗೂ ಹಾಗೇ ಆಗಿತ್ತಲ್ಲ. ಏನೂ ಇಲ್ಲ ಅನ್ನೋ ಸಂತೋಷಕ್ಕೆ, ನಿನಗಾಗಿ ಇಟ್ಟಿದ್ದ ಮುಡಿಪು ತೀರಿಸಲು ನಾನು ಅವತ್ತೇ ಹೊರಟಿದ್ದೆ. "ಅಕ್ಕಾ, ನೋವು ಅಂಗೇ ಐತೆ" ಅಂತ ನೀನು ಹೊಸಿಲವರೆಗೂ ಬಂದಿದ್ದೆ. ಪ್ರಸಾದ ತಂದಾಗ ಮನೆ ಮುಂದೆ ಜನ ಸೇರಿದ್ದರು.

ಈ ಡಾಕ್ಟರಮ್ಮ ಮಾತ್ರ ನಮ್ಮನ್ನು ಮನೆಗೆ ಕಳಿಸಲಿಲ್ಲ. "ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲಮ್ಮ. ಮೇದೋಜೀರಕ ಗ್ರಂಥಿ ಹೊಟ್ಟೆ ಹಿಂದೆ ಇರುತ್ತೆ, ಕರುಳಿನ ಗ್ಯಾಸ್ ಅಡ್ಡ ಬಂದ್ರೆ ಸ್ಕ್ಯಾನಿಗೆ ಸಿಗಲ್ಲ. ಊತ ಆಗ್ತಾನೇ ಶುರುವಾಗಿದ್ರೆ ಸಿ.ಟಿ.ಲೂ ಒಮ್ಮೊಮ್ಮೆ ಗೊತ್ತಾಗಲ್ಲ. ರಕ್ತ ನೋಡೋಣ" ಅಂದರು.

ಆ ಊತ ರಕ್ತದಲ್ಲಿ ಸಿಕ್ಕಿತು. ಅಷ್ಟು ಸುಲಭವಾಗಿ ಸಿಕ್ಕಿತು, ಕದಿರಪ್ಪ.

ಡ್ರಿಪ್ ಹಾಕಿದರು. ನಾನು ಗಳಿಗೆಗೊಂದು ಸಲ ಕೇಳುತ್ತಲೇ ಇದ್ದೆ, "ನೋವೈತೇನೇ?"

"ಡಾಕ್ಟ್ರು ವಾಸಿ ಆಯ್ತದೆ ಅಂದ್ರಲ್ಲತ್ತೆ, ಎಷ್ಟ್ ಸಲ ಕೇಳ್ತೀಯ!"

"ಅವ್ರು ಏಳ್ಲಿ ಬಿಡು. ನೀನೇಳು."

ಇವತ್ತು ಬೆಳಿಗ್ಗೆ "ಇಲ್ಲ, ಓಯ್ತು" ಅಂದಳು. ಮನೆಗೆ ಬಂದು ಗಂಜಿ ಕುಡಿದಳು. ಇನ್ನು ಮುಡಿಪು ತೀರಿಸಬೇಕು. ಕೈಯಲ್ಲಿ ಹಿಡಿದು, ಅವತ್ತು ನೀನು ಬಂದು ನಿಂತ ಹೊಸಿಲವರೆಗೆ ಬಂದಿದ್ದೇನೆ.

ಸ್ವಲ್ಪ ದಾರಿ ಬಿಡು, ತಮ್ಮಾ.