ಒಳಗಿನ ಹಿಡಿಕೆ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ನಿನ್ನ ಭಾವ ಹೊಸ ಕನ್ನಡಕ ಹಾಕಿಸಿಕೊಂಡು ಈಗ ನನ್ನ ನೆರೆಗೂದಲು ಎಣಿಸುತ್ತಾ ಕೂತಿದ್ದಾರೆ.

ನಮ್ಮ ಲ್ಯಾಬಿನ ಪ್ರೊಫೆಸರರ ಮೇಲೆ ದೂರು ಬಂದದ್ದನ್ನು ಪೇಪರಿನಲ್ಲಿ ಓದಿರಬೇಕು. ಲೋಕವೇ ತಲೆಬಾಗುವ ವಿಜ್ಞಾನಿ. ನಮ್ಮಪ್ಪನ ಆಪರೇಷನ್ನಿಗೆ ರಕ್ತವನ್ನೂ ಕೊಟ್ಟವರು. ವಿಚಾರಣಾ ಸಮಿತಿಗೆ ಸಿಬ್ಬಂದಿಯ ಪರವಾಗಿ ನನ್ನನ್ನು ಹಾಕಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಯಂತ್ರ, ಬಾಗಿಲು ರಿಪೇರಿ ಮಾಡುವವಳು ಬಾಯಿ ಬಿಡಲಾರಳು ಅಂದುಕೊಂಡಿರಬೇಕು. ಬೇರೆ ಬೇರೆ ವರ್ಷ ಅಲ್ಲಿ ಓದಿದ ಮೂವರು ಹೆಣ್ಣುಮಕ್ಕಳು ಬರೆದದ್ದು ಒಂದೇ: ಪ್ರೊಫೆಸರರು ಮಾದರಿಗಳನ್ನು ತಣ್ಣಗಿಡುವ ಕೋಲ್ಡ್ ರೂಮಿಗೆ ಕರೆದೊಯ್ದು, ದೀಪ ಆರಿಸಿ, ಮೈಮೇಲೆ ಕೈಹಾಕಿದರು, ಬಾಗಿಲು ತಡಕಿದರೆ ಒಳಗಡೆ ಹಿಡಿಕೆಯೇ ಇರಲಿಲ್ಲ. ಅದು ಅವರ ಜೇಬಿನಲ್ಲಿರುತ್ತಿತ್ತಂತೆ. ಸಮಿತಿಯ ಅಧ್ಯಕ್ಷರು ನಕ್ಕುಬಿಟ್ಟರು. "ಹಿಡಿಕೆ ಇದೆಯಲ್ರೀ! ಮೂವರೂ ಮಾತಾಡ್ಕೊಂಡು ಕಥೆ ಕಟ್ಟಿದ್ದಾರೆ" ಎಂದರು. ನಾನೂ ಅರ್ಧ ನಂಬಿದೆ.

ಆದರೂ ಮನಸ್ಸು ಕೇಳದೆ ಶುಕ್ರವಾರ ನನ್ನ ಹಳೆಯ ರಿಪೇರಿ ಪುಸ್ತಕಗಳನ್ನು ಹರಡಿಕೊಂಡು ಕೂತೆ. ಮೊದಲನೆಯವಳು ಹೇಳಿದ ವಾರದಲ್ಲೇ ನನ್ನ ಅಕ್ಷರ: "ಕೋಲ್ಡ್ ರೂಮು, ಒಳಗಿನ ಹಿಡಿಕೆಗೆ ಸ್ಕ್ರೂ ಇಲ್ಲ. ಹೊಸದು ಹಾಕಿದೆ." ಎರಡನೆಯವಳ ವಾರದಲ್ಲೂ ಅದೇ, ಮೂರನೆಯವಳದ್ದರಲ್ಲೂ ಅದೇ. ಸ್ಕ್ರೂ ತೆಗೆದರೆ ಆ ಹಿಡಿಕೆ ಎಳೆದೊಡನೆ ಕೈಗೆ ಬರುತ್ತದೆ, ಆಮೇಲೆ ಸುಮ್ಮನೆ ಸಿಕ್ಕಿಸಿಡಲೂಬಹುದು. ಬಿಗಿಮಾಡಿ, ಕೈ ಒರೆಸಿಕೊಂಡು ಬಂದಿದ್ದೆ. ಯಾಕೆ ಎಂದು ಒಂದು ಸಲವೂ ಕೇಳಲಿಲ್ಲ.

ಯಾರಿಗೂ ಹೇಳದೆ ಅಂದೇ ಕೋಲ್ಡ್ ರೂಮಿಗೆ ಹೋಗಿ ನೋಡಿದೆ. ಒಳಗೆ ಫ್ಯಾನಿನ ಗುಂಯ್ ಸದ್ದೊಂದೇ; ನನ್ನ ಕೆಮ್ಮು ಬೇರೆ ಯಾರದೋ ಅನಿಸಿತು. ಇದ್ದಕ್ಕಿದ್ದಂತೆ ದೀಪ ಆರಿತು. ಅರೆತೆರೆದ ಬಾಗಿಲಲ್ಲಿ ಪ್ರೊಫೆಸರರು ನಿಂತಿದ್ದರು, ಎಂದಿನ ಹಾಗೇ ನಗುತ್ತಾ, ಒಂದು ಕೈ ಕೋಟಿನ ಜೇಬಿನಲ್ಲಿ. "ಅಯ್ಯೋ, ನೀನಿದ್ದೀಯೇನಮ್ಮಾ? ಹಿಡಿಕೆ ಗಟ್ಟಿಯಾಗಿದೆಯಾ?" ಎಂದರು. ನಾನು ಅದಕ್ಕೆ ಕೈಹಾಕಿದೆ. ಗಡಗಡ ಅಲ್ಲಾಡಿ ಅಂಗೈಗೇ ಬಂತು. ಅದನ್ನು ಬಿಡದೆ ಹಿಡಿದುಕೊಂಡೇ ಅವರ ಪಕ್ಕದಿಂದ ನುಸುಳಿ ಹೊರಬಂದೆ. ಅವರು ಸರಿಯಲೂ ಇಲ್ಲ, ತಡೆಯಲೂ ಇಲ್ಲ, ನಗುತ್ತಲೇ ಇದ್ದರು.

ನಿನ್ನೆ ಆ ಮೂರು ಪುಸ್ತಕಗಳನ್ನೂ ಹಿಡಿಕೆಯನ್ನೂ ಸಮಿತಿಯ ಮುಂದಿಟ್ಟೆ. ಅಧ್ಯಕ್ಷರು ಈ ಸಲ ನಗಲಿಲ್ಲ. "ದೂರು ನಂಬತಕ್ಕದ್ದು" ಎಂದು ಬರೆದು ನಾನು ಸಹಿ ಹಾಕಿದೆ. ಉಳಿದವರು ನಾಳೆ ಹಾಕುತ್ತಾರಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣೇ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
ಅಕ್ಕ

ಮರೆತಿದ್ದೆ ಅಂತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ದೂರು ಕೊಟ್ಟವರು ಮೂವರೇ, ಆದರೆ ನನ್ನ ಪುಸ್ತಕಗಳ ಪ್ರಕಾರ ಆ ಸ್ಕ್ರೂ ನಾಲ್ಕು ಸಲ ಹೋಗಿದೆ. ನಾಲ್ಕನೆಯದು, ನೀನು ಆ ಲ್ಯಾಬಿನ ಓದು ಬಿಟ್ಟು ಬಸ್ಸು ಹತ್ತಿದ ವಾರ. ಆ ಪುಸ್ತಕ ಮನೆಯಲ್ಲೇ ಇದೆ, ಯಾರಿಗೂ ತೋರಿಸಿಲ್ಲ. ಅವತ್ತು ಬಾಗಿಲು ಸರಿಮಾಡಿದವಳೂ ನಾನೇ, ನಿನ್ನನ್ನು ಸೋಮಾರಿ ಎಂದು ಬೈದವಳೂ ನಾನೇ. ಏನೂ ಹೇಳಬೇಡ. "ಬಾ" ಅಂತ ಬರೆ ಸಾಕು, ಬರುತ್ತೇನೆ.