ನಿನ್ನ ಕೈಗೇ ಕೊಟ್ಟ ಆರ್ಡರ್

ಅಮ್ಮಾ,

ಇವತ್ತು ಕುರುನೇಗಲದಲ್ಲಿ ಕೌಟುಂಬಿಕ ಹಿಂಸೆ ಕಾನೂನಿನ ತಿದ್ದುಪಡಿಗೆ ಜನರ ಅಭಿಪ್ರಾಯ ಕೇಳುವ ಸಭೆ ಇತ್ತು. ಪೆರಾದೆನಿಯ ಯೂನಿವರ್ಸಿಟಿ ಹಾಸ್ಟೆಲ್‌ನಿಂದ ಬೆಳಗಿನ ಬಸ್ ಹಿಡಿದು ಹೋದೆ. ಫಸ್ಟ್ ಇಯರ್‌ನವಳ ಮಾತು ಯಾರು ಕೇಳುತ್ತಾರೆ ಎಂಬ ಭಯಕ್ಕೆ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ನಮ್ಮೂರ ಠಾಣೆಯ ಸಾರ್ಜೆಂಟ್ ವಿಜೇಕೋನ್ ನನಗಿಂತ ಮೊದಲು ಮಾತಾಡಿದ. "ಕೋರ್ಟಿನ ಆರ್ಡರ್ ಗಂಡನಿಗೆ ಮುಟ್ಟಿಸೋಕೆ ನಮ್ಮಲ್ಲಿ ಜೀಪಿಲ್ಲ, ಜನ ಇಲ್ಲ. ಹೆಂಗೂ ಮನೆಗೇ ಹೋಗ್ತಾಳಲ್ಲ ಅಂತ ಹೆಂಡತಿ ಕೈಲೇ ಕಳಿಸ್ತೀವಿ. ಪೋಸ್ಟ್‌ಮ್ಯಾನ್‌ಗಿಂತ ಬೇಗ ಮುಟ್ಟುತ್ತೆ!" ಎಂದ. ಜನ ನಕ್ಕರು, ಅಮ್ಮಾ. ನಕ್ಕರು.

ನಾನು ಮೈಕ್ ಕಿತ್ತುಕೊಂಡೆ. "ಹೆಂಡತಿ ಹತ್ತಿರ ಬರಬೇಡ ಅನ್ನೋ ಕಾಗದವನ್ನ ಆ ಹೆಂಡತಿಯೇ ಹೊಡೆಯೋನ ಹತ್ತಿರ ಹೋಗಿ ಕೊಡಬೇಕಾ ಸಾರ್? ನಮ್ಮಮ್ಮ ಹೋದಳು. ಅಡುಗೆಮನೆಯಿಂದ ಹೆಣವಾಗಿ ಆಚೆ ಬಂದಳು. ಆರ್ಡರನ್ನ ಪೊಲೀಸರೇ ಮುಟ್ಟಿಸಬೇಕು, ಅದೇ ದಿನ. ಇದನ್ನ ಕಾನೂನಲ್ಲಿ ಬರೀರಿ!" ಎಂದು ಕಿರುಚಿದೆ.

"ಕೂತ್ಕೋ ಮಗಳೇ, ನೀರು ಕುಡಿ," ಎಂದ ವಿಜೇಕೋನ್. ಮಗಳಂತೆ!

ಅಧ್ಯಕ್ಷೆ ನನ್ನ ಮಾತನ್ನು ಬರೆದುಕೊಂಡರು. ಆಮೇಲೆ ಮೆತ್ತಗೆ ಕೇಳಿದರು: "ನೀವೇ ತಗೊಂಡು ಹೋಗಬೇಡಿ ಅಂತ ಅಮ್ಮನಿಗೆ ಹೇಳೋರು ಯಾರೂ ಇರಲಿಲ್ವಾ?"

ಅವತ್ತು ನೀನು ಠಾಣೆಯಿಂದಲೇ ಫೋನ್ ಮಾಡಿ, "ಸಚಿನಿ, ಆರ್ಡರ್ ನನ್ನ ಕೈಗೇ ಕೊಟ್ಟಿದ್ದಾರೆ, ಏನ್ ಮಾಡ್ಲಿ ಹೇಳು," ಎಂದಿದ್ದೆ. ನನಗೆ ಮರುದಿನ ಟೆಸ್ಟ್ ಇತ್ತು; ಆಮೇಲೆ ಮಾತಾಡ್ತೀನಿ ಅಂತ ಫೋನ್ ಇಟ್ಟುಬಿಟ್ಟೆ.

"ಯಾರೂ ಇರಲಿಲ್ಲ ಮೇಡಂ," ಎಂದೆ. ಅದನ್ನೂ ಅವರು ಬರೆದುಕೊಂಡರು.