ಬೆಲ್ ಒಂದೋ ಎರಡೋ

ಮಾರ್ಚ್ 2, ಬೆಳಿಗ್ಗೆ

ಬರೆಯಬೇಕಂತೆ. ದಿನಾ. ಡಾಕ್ಟರಮ್ಮನ ಹುಕುಂ. ಬಿ.ಪಿ. ನೂರೆಂಬತ್ತು ದಾಟಿದೆ. "ಕೂಗೋ ಬದಲು ಬರೀರಿ ಅಜ್ಜಿ" ಅಂದಳು. ಏಳನೇ ಕ್ಲಾಸಿಗೇ ಪಾಟಿಚೀಲ ಬಿಸಾಕಿದವಳು ನಾನು. ಆಮೇಲೆ ಬರೆದದ್ದೆಂದರೆ ಬಸ್ಸಿನ ಟ್ರಿಪ್ ಶೀಟು ಮಾತ್ರ. ಮಗಳು ಈ ನೋಟ್‌ಬುಕ್ ತಂದು ಮೇಜಿನ ಮೇಲೆ ಕುಕ್ಕಿ ಹೋದಳು. ರಟ್ಟಿನ ಮೇಲೆ ಬೆಕ್ಕಿನ ಚಿತ್ರ. ಅರವತ್ತೊಂಬತ್ತು ವರ್ಷದವಳಿಗೆ ಬೆಕ್ಕು!

ಯಾರೂ ಓದುವುದಿಲ್ಲ ಎಂದಿದ್ದಾರೆ. ಓದಿದವರ ಕೈ ಮುರಿಯುತ್ತೇನೆ.

ಬರೆದೆ. ಆಯ್ತು.

ಮಾರ್ಚ್ 3, ಸಂಜೆ 6

ಲೈಬ್ರರಿಯ ಪದದಾಟದ ಪಂದ್ಯ. ಎರಡನೇ ರೌಂಡೂ ಗೆದ್ದೆವು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಮಾಡಬೇಕು. ಆದರೆ ಸಿಕ್ಕಿದ ಪದವೆಲ್ಲ ನಡೆಯುವುದಿಲ್ಲ. ಯಾವುದಾದರೂ ಜಾಗದ ಹೆಸರೂ ಆಗಿರಬೇಕು, ನಿಘಂಟಿನಲ್ಲೂ ಇರಬೇಕು. ಓದಿದವರಿಗೆ ನಿಘಂಟು ಗೊತ್ತು, ಜಾಗ ಗೊತ್ತಿಲ್ಲ. ನನಗೆ ಸ್ಟಾಪುಗಳು ಬಾಯಿಪಾಠ. ದಿಬ್ಬ, ಒಡ್ಡು, ತಿರುವು, ಮಡು... ಇಪ್ಪತ್ತೊಂಬತ್ತು ವರ್ಷ ಕೂಗಿದ್ದೇನೆ.

ನನ್ನ ಜೋಡಿ ಮೈದುನ. ಗಂಡ ತೀರಿಕೊಂಡ ಮೇಲೆ ಅವರ ಕೆಲಸ ನನಗೆ ಬಂತು. ಮೊದಲ ಆರು ವರ್ಷ ನಾನು ಕಂಡಕ್ಟರು, ಮೈದುನ ಅದೇ ಬಸ್ಸಿಗೆ ಡ್ರೈವರು. ಆಟದಲ್ಲಿ ಒಂದು ಸರದಿ ಅವನದು, ಒಂದು ನನ್ನದು. ಒಬ್ಬರು ಬಿಲ್ಲೆ ಇಡುವಾಗ ಇನ್ನೊಬ್ಬರು ತುಟಿ ಬಿಚ್ಚುವಂತಿಲ್ಲ. ನನಗೆ ಇದೇ ಕಷ್ಟ.

"ಏನೋ ಕಿವುಡ, ಫೈನಲ್ ಗೆದ್ರೆ ನಮ್ಮ ಫೋಟೋ ಲೈಬ್ರರಿ ಗೋಡೆ ಮೇಲೆ ಹಾಕ್ತಾರಂತೆ" ಅಂದೆ.

"ನಿಮ್ದು ಹಾಕ್ಲಿ ಅತ್ತಿಗೆ. ಹೆದ್ರಿಕೊಂಡಾದ್ರೂ ಪುಸ್ತಕ ಸರಿಯಾಗಿ ವಾಪಸ್ ಕೊಡ್ತಾರೆ."

ಕಿವುಡ ಎಂದು ಹೆಸರಿಟ್ಟವಳು ನಾನೇ. ಡಿಪೋ ಪೂರ್ತಿ ಅದೇ ಹೆಸರು ನಿಂತಿತು. ಒಂದು ಬೆಲ್ ಹಾಕಿದರೆ ನಿಲ್ಲು, ಎರಡು ಹಾಕಿದರೆ ಹೊರಡು. ಒಂದನ್ನು ಎರಡು ಎಂದು ಕೇಳಿಸಿಕೊಂಡು ಬಸ್ ಬಿಟ್ಟವನು ಅವನು. ಮೂವತ್ತಮೂರು ವರ್ಷವಾಯಿತು. ಇನ್ನೂ ಬಿಟ್ಟಿಲ್ಲ ನಾನು.

ಮಾರ್ಚ್ 7, ಮಧ್ಯಾಹ್ನ

ಸೆಮಿಫೈನಲ್. ಎದುರಿಗೆ ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಷ್ಟ್ರು ರಿಟೈರಾದರೂ ಜೇಬಿನಲ್ಲಿ ಕೆಂಪು ಪೆನ್ನು.

ನಾನು 'ಕುಲುಮೆ' ಇಟ್ಟೆ.

"ಆ ಹೆಸರಿನ ಊರೇ ಇಲ್ಲ."

"ನಿಮಗಿಲ್ಲ ಮೇಷ್ಟ್ರೇ, ಬಸ್ಸಿಗಿದೆ. ಒಡ್ಡು ದಾಟಿ ಎಡಕ್ಕೆ, ಎರಡನೇ ಸ್ಟಾಪು. ಇಳಿಯೋರು ಮುಂದೆ ಬನ್ನಿ!"

ಹಾಲ್‌ನಲ್ಲಿ ಎಲ್ಲರೂ ನಕ್ಕರು. ಲೈಬ್ರರಿಯಮ್ಮ ನಕ್ಷೆ ಹರಡಿ ನೋಡಿದಳು. ಇತ್ತು. ಹನ್ನೊಂದು ಪಾಯಿಂಟಿನಿಂದ ಗೆದ್ದೆವು. ಏಳನೇ ಕ್ಲಾಸಿನವಳು ಮೇಷ್ಟ್ರನ್ನು ಸೋಲಿಸಿದಳು! ಹೊಟ್ಟೆ ತುಂಬಿತು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಎದ್ದು ನಿಂತಳು. ಅಲ್ಲಿಯವರೆಗೂ ಬಾಯಿಯೇ ಇಲ್ಲ ಎಂದುಕೊಂಡಿದ್ದೆ.

"ಇವರು ಮೇಜು ಕುಟ್ತಾರೆ. ಒಂದು ಸಲ ಕುಟ್ಟಿದ್ರೆ ಆತ ಬಿಲ್ಲೆ ವಾಪಸ್ ತಗೋತಾರೆ. ಎರಡು ಸಲ ಕುಟ್ಟಿದ್ರೆ ಇಡ್ತಾರೆ. ಹದಿನಾಲ್ಕು ಸಲ ಆಯ್ತು. ಬರ್ಕೊಂಡಿದೀನಿ."

"ನಾನಾ? ನಾನ್ಯಾವಾಗ ಕುಟ್ಟಿದೆ?"

"ಬೆರಳು ನೋಡ್ಕೊಳ್ಳಿ."

ನೋಡಿದೆ. ಬಲಗೈ ನಡುಬೆರಳಿನ ಗಂಟು ಕೆಂಪಗಾಗಿತ್ತು. ಸತ್ಯವಾಗಿ ನನಗೆ ಗೊತ್ತೇ ಇರಲಿಲ್ಲ. ಯಾರು ನಂಬುತ್ತಾರೆ? ನಾಳೆ ವಿಚಾರಣೆಯಂತೆ. ಮೋಸಗಾತಿ ಅನ್ನಿಸಿಕೊಂಡು ಸಾಯಲಾರೆ.

ಮಾರ್ಚ್ 8, ಸಂಜೆ

ಡಾಕ್ಟರಮ್ಮ, ಕೂಗಿಬಿಟ್ಟೆ. ಬರೆದರೆ ಕಡಿಮೆಯಾಗುವಂಥದ್ದಲ್ಲ ಇದು.

ಲೈಬ್ರರಿಯ ಹಿಂದಿನ ಕೋಣೆ. ಹರಿದ ಪುಸ್ತಕಗಳ ಅಟ್ಟಿ, ಅಂಟಿನ ವಾಸನೆ. ಅತ್ತ ಮೇಷ್ಟ್ರ ಜೋಡಿ, ಇತ್ತ ನಾವು, ನಡುವೆ ಲೈಬ್ರರಿಯಮ್ಮ. ನಾನು ರಾತ್ರಿಯೇ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಇದಕ್ಕಿಂತ ಗಟ್ಟಿ ಉತ್ತರ ಇನ್ನೊಂದಿಲ್ಲ ಎಂದುಕೊಂಡಿದ್ದೆ.

"ಅಲ್ಲಮ್ಮ, ಅವನು ಕಿವುಡ! ಡಿಪೋದಲ್ಲಿ ಯಾರನ್ನ ಬೇಕಾದ್ರೂ ಕೇಳು. ಕಿವುಡನಿಗೆ ಕುಟ್ಟಿ ಸನ್ನೆ ಮಾಡೋಕೆ ನನಗೇನು ತಲೆ ಕೆಟ್ಟಿದ್ಯಾ?"

ಲೈಬ್ರರಿಯಮ್ಮ ಮೈದುನನ ಕಡೆ ತಿರುಗಿದಳು. "ನಿಮಗೆ ಕಿವಿ ಕೇಳಿಸಲ್ವಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ತಲೆ ಆಡಿಸಿದ್ದರೂ ಸಾಕಿತ್ತು. ಅವನು ಕೈ ನೋಡಿಕೊಳ್ಳುತ್ತಾ ಕೂತ. ನೀರಿನಲ್ಲಿ ನೆನೆದು ನೆನೆದು ಬಿರುಕು ಬಿಟ್ಟ ಕೈ.

"ಕೇಳಿಸುತ್ತೆ ಮೇಡಂ. ಅತ್ತಿಗೆ ಕುಟ್ಟಿದ್ದು ನಿಜ. ನಾನು ಅದರ ಪ್ರಕಾರ ಆಡಿದ್ದೂ ನಿಜ. ಬೇಕು ಅಂತ ಮಾಡಿದ್ದಲ್ಲ, ಕೈ ತಾನಾಗೇ ನಿಲ್ಲುತ್ತೆ, ಹೊರಡುತ್ತೆ. ಅತ್ತಿಗೆ ಹಾಕಿದ ಬೆಲ್ ನಾನು ಒಂದು ಸಲಾನೂ ತಪ್ಪಾಗಿ ಕೇಳಿಸ್ಕೊಂಡಿಲ್ಲ."

ಮತ್ತೆ ಅಂದ: "ಯಾವತ್ತೂ."

ಲೈಬ್ರರಿಯಮ್ಮ ಒಳ್ಳೆಯವಳು. 22ಕ್ಕೆ ಸೆಮಿಫೈನಲ್ ಮತ್ತೆ ಆಡಬೇಕು, ನನ್ನ ಕೈ ತೊಡೆ ಮೇಲೆ ಇರಬೇಕು ಎಂದಳು. ಒಪ್ಪಿಗೆ ಪತ್ರಕ್ಕೆ ಇಬ್ಬರೂ 20ರ ಸಂಜೆ ಐದರೊಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಮೇಷ್ಟ್ರು ಫೈನಲ್‌ಗೆ. ನಾನು ಅಲ್ಲೇ ಗೀಚಿದೆ. ಅವನು ಪೆನ್ನು ಕೆಳಗಿಟ್ಟ. "ಯೋಚ್ನೆ ಮಾಡ್ತೀನಿ."

ಇಬ್ಬರೂ ನಡೆದು ಬಂದೆವು. ತಿರುವಿನಲ್ಲಿ ಅವನು ಅತ್ತ ಹೋದ, ನಾನು ಇತ್ತ.

ಯಾವತ್ತೂ ಅಂದರೆ?

ಮಾರ್ಚ್ 9

ಮೂವತ್ತಮೂರು ವರ್ಷದ ಹಿಂದಿನ ಆ ದಿನ. ಬರೆದೇ ಬಿಡುತ್ತೇನೆ.

ಮಡು ಸ್ಟಾಪು. ಬಸ್ ತುಂಬಾ ಜನ. ಒಬ್ಬ ಟಿಕೆಟ್ ತೆಗೆದುಕೊಳ್ಳದೆ ಜಗಳಕ್ಕೆ ನಿಂತಿದ್ದ. ಅವನ ಜನ್ಮ ಜಾಲಾಡುತ್ತಿದ್ದೆ. ಹಿಂದಿನ ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ಇಳಿಯುತ್ತಿದ್ದಳು. ಒಂದು ಕಾಲು ನೆಲದ ಮೇಲೆ, ಒಂದು ಇನ್ನೂ ಮೆಟ್ಟಿಲ ಮೇಲೆ. ಬಸ್ ಹೊರಟಿತು. ಸೊಂಟ ಮುರಿಯಿತು. ಆಮೇಲೆ ಕೋಲು ಹಿಡಿದೇ ನಡೆದಳಂತೆ. ನಾನು ನೋಡಲು ಹೋಗಲಿಲ್ಲ. ತಪ್ಪು ನನ್ನದಲ್ಲವಲ್ಲ.

ಡಿಪೋ ವಿಚಾರಣೆಯಲ್ಲಿ ಒಂದೇ ಬೆಲ್ ಹಾಕಿದ್ದು ಎಂದೆ. ಮೈದುನ ಸಾಹೇಬರ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತು, "ಅತ್ತಿಗೆ ಒಂದೇ ಹಾಕಿದ್ದು ಸಾರ್. ನನಗೆ ಎರಡು ಕೇಳಿಸ್ತು" ಎಂದ. ಅವತ್ತಿಗೆ ಸ್ಟೀರಿಂಗ್ ಹೋಯಿತು. ಬಸ್ ತೊಳೆಯುವ ಶೆಡ್ಡಿಗೆ ಹಾಕಿದರು. ಇಪ್ಪತ್ತೇಳು ವರ್ಷ ಪೈಪು ಹಿಡಿದು ನಿಂತ. ನಾನು ದಿನಾ ಅವನು ತೊಳೆದ ಬಸ್ ಹತ್ತುತ್ತಿದ್ದೆ. ಹತ್ತುವಾಗ ಕೂಗುತ್ತಿದ್ದೆ. "ಏಯ್ ಕಿವುಡ, ಗಾಜು ಸರಿಯಾಗಿ ಒರೆಸಿದ್ಯೇನೋ!" ಎಲ್ಲರೂ ನಗುತ್ತಿದ್ದರು. ಅವನೂ.

ಒಂದು ಸಲವೂ ತಪ್ಪಾಗಿ ಕೇಳಿಸಿಕೊಂಡಿಲ್ಲ ಅಂದರೆ...

ಇಲ್ಲ. ಒಂದೇ ಹಾಕಿದ್ದು. ನನಗೆ ನೆನಪಿದೆ.

ಮಾರ್ಚ್ 13, ಬೆಳಿಗ್ಗೆ 11

ಅವನ ಮನೆಗೆ ಹೋಗಿದ್ದೆ. ವಾರಗಿತ್ತಿ ಬಾಗಿಲು ತೆಗೆದಳು. ಅವನು ಹಿತ್ತಿಲಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ.

"ಒಂದಾ, ಎರಡಾ?"

"ಏನು ಅತ್ತಿಗೆ?"

"ಏನು ಅಂತ ಕೇಳಿದ್ರೆ ಈ ಎಣ್ಣೆ ನಿನ್ನ ತಲೆ ಮೇಲೆ ಸುರೀತೀನಿ."

"ಕಾಫಿ ಕುಡೀರಿ" ಅಂದ. ಎದ್ದು ಕೈ ತೊಳೆಯಲು ಹೋದವನು ಬರಲೇ ಇಲ್ಲ. ನಲ್ಲಿಯ ಸದ್ದು ಮಾತ್ರ ಕೇಳಿಸುತ್ತಿತ್ತು.

ವಾರಗಿತ್ತಿ ಕಾಫಿ ಲೋಟ ಇಟ್ಟು ನನ್ನ ಮುಖ ನೋಡದೆ ಹೇಳಿದಳು. "ಆಗ ನಿಮ್ಮ ಮಗಳಿಗಿನ್ನೂ ಒಂಬತ್ತು ವರ್ಷ ಅಕ್ಕ. ಭಾವನೂ ಇರ್ಲಿಲ್ಲ. ನಿಮ್ಮ ಕೆಲಸ ಹೋಗಿದ್ರೆ..."

"ನಾನು ಅದನ್ನ ಕೇಳಿದ್ನಾ?"

"ಇಲ್ಲ ಅಕ್ಕ. ಒಂದು ಸಲಾನೂ ಕೇಳ್ಲಿಲ್ಲ ನೀವು."

ಇಷ್ಟು ವರ್ಷದಲ್ಲಿ ಅವಳು ನನಗೆ ಕೊಟ್ಟ ಮೊದಲ ಏಟು. ಮೆತ್ತಗೆ ಕೊಟ್ಟಳು. ಕಾಫಿ ಕುಡಿಯದೆ ಬಂದೆ.

ಮಾರ್ಚ್ 16, ಮಧ್ಯಾಹ್ನ

ಗ್ಯಾಸಿನವನಿಗೆ ಫೋನ್ ಮಾಡಿ ಉಗಿಯುತ್ತಿದ್ದೆ. ಮೂರು ದಿನದಿಂದ ನಾಳೆ ನಾಳೆ ಅನ್ನುತ್ತಾನೆ. ಫೋನ್ ಇಟ್ಟು ಮಗಳನ್ನು ಕೇಳಿದೆ. "ಈಗ ನಾನು ಮೇಜು ಕುಟ್ಟಿದ್ನಾ?"

"ಕುಟ್ಟಿದೆಯಲ್ಲ."

"ಯಾವಾಗಿಂದ ಈ ಚಾಳಿ?"

"ನಾನು ಹುಟ್ಟಿದಾಗಿಂದ ನೋಡ್ತಿದೀನಮ್ಮ. ಸುಮ್ನೆ ಯೋಚ್ನೆ ಮಾಡೋವಾಗ ಒಂದೊಂದು. ಬೈಯೋವಾಗ ಎರಡೆರಡು. ನಿಂಗೆ ಗೊತ್ತಿಲ್ವಾ?"

ಗೊತ್ತಿಲ್ಲ.

ಆವತ್ತು ಬೈಯುತ್ತಿದ್ದೆ. ಎಡಗೈಯಲ್ಲಿ ಟಿಕೆಟ್ ಕಟ್ಟು. ಬಲಗೈ ಬೆಲ್ಲಿನ ಹಗ್ಗದ ಮೇಲೆ.

ಮಾರ್ಚ್ 18, ಬೆಳಿಗ್ಗೆ 7

ಮೈದುನ, ಇದು ನಿನಗೆ. ಈ ಹಾಳೆ ಹರಿದು ವಾರಗಿತ್ತಿಯ ಕೈಗೆ ಕೊಡುತ್ತೇನೆ. ಎದುರಿಗೆ ನಿಂತರೆ ನಾನು ಕೂಗುತ್ತೇನೆ, ನೀನು ನಲ್ಲಿ ಬಿಡುತ್ತೀಯ.

ನಿನ್ನೆ ಲೈಬ್ರರಿಗೆ ಹೋಗಿ ನನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದು ಬಂದೆ. ಮೇಷ್ಟ್ರೇ ಫೈನಲ್ ಆಡಲಿ. ಫೋಟೋ ಅವರದೇ ಹಾಕಲಿ. ನಿನ್ನ ಸಹಿ ಬೇಡ ನನಗೆ.

ನನ್ನ ಮಗಳ ಬಗ್ಗೆ ಯೋಚಿಸಿದೆ ಅನ್ನಬೇಡ. ವಯಸ್ಸಾಯ್ತು, ಮರೆತೆ ಅನ್ನಬೇಡ. ನಿನಗೆ ಮರೆವಿಲ್ಲ, ಕಿವುಡೂ ಇಲ್ಲ. ಕೊರಗುತ್ತಾಳೆ ಎಂದು ಕನಿಕರ ತೋರಿಸಿದರೆ ಜನ್ಮದಲ್ಲಿ ನಿನ್ನ ಮನೆ ಮೆಟ್ಟಿಲು ಹತ್ತುವುದಿಲ್ಲ. ಆ ಹೆಂಗಸಿನ ಮನೆಯವರು ಯಾರಾದರೂ ಇದ್ದರೆ ಹೋಗಿ ಹೇಳಬೇಕು. ಏನು ಹೇಳಬೇಕು ಎನ್ನುವುದು ನಿನ್ನ ಉತ್ತರದ ಮೇಲೆ ನಿಂತಿದೆ. ಸುಮ್ಮನೆ ಹೋಗಿ ನಿಲ್ಲಲಾರೆ.

ಮಡು ಸ್ಟಾಪು. ಹಿಂದಿನ ಬಾಗಿಲು. ನಾನು ಹಾಕಿದ್ದು ಒಂದಾ, ಎರಡಾ? ಒಂದೇ ಪದ ಬರೆದು ಕಳಿಸು. 20ನೇ ತಾರೀಕು, ಸಂಜೆ ಐದರೊಳಗೆ.